ಗೆದ್ದ ಎಂಜಿನ್, ಸೋತ ಎಂಜಿನ್: ಶಿಲ್ಡನ್ನಿನ ಹಳೆಯ ಉಗಿಬಂಡಿಗಳು

ಶಾಲೆಯಲ್ಲಿ ರೈಲಿನ ಕಥೆ ಓದಿದವರಿಗೆ ಒಂದು ಚಿತ್ರ ನೆನಪಿರಬಹುದು. ಹಳದಿ ಬಣ್ಣದ ಪುಟ್ಟ ಎಂಜಿನ್, ಅದರ ಮುಂದೆ ಎತ್ತರದ ಬಿಳಿ ಹೊಗೆಕೊಳವೆ, ಪಕ್ಕದಲ್ಲಿ ಓರೆಯಾಗಿ ಕೂರಿಸಿದ ಸಿಲಿಂಡರ್, ಹಿಂದೆ ನೀರಿನ ಪೀಪಾಯಿ ಹೊತ್ತ ಗಾಡಿ. ಇದೇ ‘ರಾಕೆಟ್’. 1829ರಲ್ಲಿ ಇಂಗ್ಲೆಂಡಿನ ರೈನ್‌ಹಿಲ್ ಎಂಬಲ್ಲಿ ನಡೆದ ಸ್ಪರ್ಧೆಯಲ್ಲಿ ಗೆದ್ದು ಜಗತ್ತಿನ ರೈಲು ಸಾರಿಗೆಗೆ ದಾರಿ ತೋರಿದ ಎಂಜಿನ್.

ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಅಸಲಿ ರಾಕೆಟ್ಟನ್ನು ನೋಡಹೋದವರಿಗೆ ಅಚ್ಚರಿ ಕಾದಿರುತ್ತದೆ. ಅಲ್ಲಿ ನಿಂತಿರುವುದು ಕಪ್ಪುಗಟ್ಟಿದ, ಸೊರಗಿದಂತೆ ಕಾಣುವ ಒಂದು ಕಬ್ಬಿಣದ ದೇಹ. ಹಳದಿ ಬಣ್ಣವಿಲ್ಲ. ಸಿಲಿಂಡರ್ ಓರೆಯಾಗಿಲ್ಲ, ಬಹುತೇಕ ನೆಲಕ್ಕೆ ಸಮಾನಾಂತರವಾಗಿ ಮಲಗಿದೆ. ಬಾಯ್ಲರಿನ ಮುಂಭಾಗವೂ ಬೇರೆಯೇ. ಹಾಗಾದರೆ ಇದು ನಕಲಿಯೇ? ಅಲ್ಲ, ಇದೇ ಅಸಲಿ. ಪಠ್ಯಪುಸ್ತಕದ ಚಿತ್ರ ಸುಳ್ಳೇ? ಅದೂ ಅಲ್ಲ. ಚಿತ್ರದಲ್ಲಿರುವುದು ಸ್ಪರ್ಧೆಯ ದಿನದ ರಾಕೆಟ್. ಸಂಗ್ರಹಾಲಯದಲ್ಲಿರುವುದು ದುಡಿದು, ದುರಸ್ತಿಗೊಂಡು, ಮಾರಾಟವಾಗಿ, ಮೂಲೆ ಸೇರಿ, ಕೊನೆಗೆ ಹೇಗೋ ಉಳಿದುಕೊಂಡ ರಾಕೆಟ್.

ಈ ವ್ಯತ್ಯಾಸ ಸಣ್ಣದೇನಲ್ಲ. ಹಳೆಯ ಯಂತ್ರವೊಂದನ್ನು ಸಂಗ್ರಹಾಲಯದಲ್ಲಿ ಕಂಡಾಗ ಅದು ಹುಟ್ಟಿದ ದಿನ ಹೀಗೆಯೇ ಇತ್ತೆಂದು ನಾವು ಭಾವಿಸುತ್ತೇವೆ. ನಿಜದಲ್ಲಿ ನಮ್ಮ ಮುಂದಿರುವುದು ಅದರ ಕೊನೆಯ ದಿನದ ರೂಪ. ಅದನ್ನು ಸರಿಯಾಗಿ ಓದಲು ಕಲಿತರೆ, ಪುಸ್ತಕಗಳು ಹೇಳದ ಎಷ್ಟೋ ಸಂಗತಿಗಳನ್ನು ಕಬ್ಬಿಣವೇ ಹೇಳುತ್ತದೆ. ಇಂಗ್ಲೆಂಡಿನ ಈಶಾನ್ಯ ಭಾಗದ ಡರ್ಹ್ಯಾಮ್ ಪ್ರಾಂತದಲ್ಲಿರುವ ಶಿಲ್ಡನ್ ಎಂಬ ಪುಟ್ಟ ಊರಿನ ರೈಲ್ವೆ ಸಂಗ್ರಹಾಲಯ ಇದಕ್ಕೆ ತಕ್ಕ ಉದಾಹರಣೆ.

ಮೂರು ಎಂಜಿನ್‌ಗಳ ಊರು

ಶಿಲ್ಡನ್ ದೊಡ್ಡ ಊರಲ್ಲ. ಆದರೆ ರೈಲಿನ ಇತಿಹಾಸದಲ್ಲಿ ಅದರ ಹೆಸರು ದೊಡ್ಡದು. 1825ರ ಸೆಪ್ಟೆಂಬರ್ 27ರಂದು ಸ್ಟಾಕ್‌ಟನ್–ಡಾರ್ಲಿಂಗ್ಟನ್ ರೈಲುಮಾರ್ಗ ಆರಂಭವಾದಾಗ, ಉಗಿ ಎಂಜಿನ್ನನ್ನು ಗಾಡಿಗಳಿಗೆ ಜೋಡಿಸಿದ್ದು ಇಲ್ಲಿಯೇ. ಆ ರೈಲ್ವೆಯ ಕಾರ್ಯಾಗಾರ ಬೆಳೆದದ್ದೂ ಇಲ್ಲಿಯೇ. ಮುಂದೆ ರೈಲ್ವೆ ವ್ಯಾಗನ್ನುಗಳ ದೊಡ್ಡ ಕಾರ್ಖಾನೆಯ ಊರಾಗಿ ಶಿಲ್ಡನ್ ಬಾಳಿತು. 1984ರಲ್ಲಿ ಕಾರ್ಖಾನೆ ಮುಚ್ಚಿದಾಗ ಊರಿನ ಬದುಕಿಗೇ ಪೆಟ್ಟು ಬಿತ್ತು. ಇಪ್ಪತ್ತು ವರ್ಷಗಳ ನಂತರ, 2004ರಲ್ಲಿ, ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯದ ಶಾಖೆಯಾಗಿ ಇಲ್ಲಿ ಒಂದು ಸಂಗ್ರಹಾಲಯ ತೆರೆಯಿತು. 2024ರಲ್ಲಿ ಅದಕ್ಕೆ ಮತ್ತೊಂದು ದೊಡ್ಡ ಕಟ್ಟಡವೂ ಸೇರಿಕೊಂಡಿತು.

ಇಲ್ಲಿಗೆ ನಂಟಿರುವ ಮೂರು ಎಂಜಿನ್‌ಗಳು ನಮ್ಮ ಕಥೆಯ ಪಾತ್ರಧಾರಿಗಳು. 1825ರ ‘ಲೋಕೊಮೋಷನ್ ನಂ. 1’, 1829ರ ‘ರಾಕೆಟ್’ ಮತ್ತು ಅದೇ ವರ್ಷ ಅದರೊಡನೆ ಸೆಣಸಿ ಸೋತ ‘ಸಾನ್ಸ್ ಪರೇಲ್’. ಈ ಕೊನೆಯ ಹೆಸರು ಫ್ರೆಂಚ್ ಭಾಷೆಯದು, ‘ಸಾಟಿಯಿಲ್ಲದ್ದು’ ಎಂದು ಅರ್ಥ. ಸೋತ ಎಂಜಿನ್ನಿಗೆ ಇಂಥ ಹೆಸರಿದ್ದುದು ವಿಧಿಯ ಅಣಕವೇ ಸರಿ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. ರೈಲು ಎಂಜಿನ್ನನ್ನು ಜಾರ್ಜ್ ಸ್ಟೀಫನ್‌ಸನ್ ಕಂಡುಹಿಡಿದ ಎಂದು ನಮ್ಮಲ್ಲಿ ಅನೇಕರು ಇಂದಿಗೂ ಹೇಳುತ್ತಾರೆ. ಅದು ನಿಜವಲ್ಲ. 1804ರ ಫೆಬ್ರುವರಿ 21ರಂದು ರಿಚರ್ಡ್ ಟ್ರೆವಿಥಿಕ್ ಎಂಬಾತ ತನ್ನ ಉಗಿ ಎಂಜಿನ್ನಿನಿಂದ ವೇಲ್ಸ್‌ನ ಪೆನಿಡ್ಯಾರೆನ್‌ನಲ್ಲಿ ಹತ್ತು ಟನ್ ಕಬ್ಬಿಣವನ್ನೂ ಎಪ್ಪತ್ತು ಜನರನ್ನೂ ಹಳಿಗಳ ಮೇಲೆ ಎಳೆಸಿದ್ದ. ಆದರೆ ಆ ಭಾರಕ್ಕೆ ಅಂದಿನ ಎರಕದ ಕಬ್ಬಿಣದ ಹಳಿಗಳು ಮುರಿದವು. ಆ ಎಂಜಿನ್ ಉಳಿದಿಲ್ಲ. 1813ರ ಸುಮಾರಿಗೆ ವೈಲಮ್ ಕಲ್ಲಿದ್ದಲು ಗಣಿಗಾಗಿ ಕಟ್ಟಿದ ‘ಪಫಿಂಗ್ ಬಿಲ್ಲಿ’ ಮಾತ್ರ ಉಳಿದು ಇಂದು ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿದೆ. ಜಗತ್ತಿನಲ್ಲಿ ಉಳಿದಿರುವ ಉಗಿ ರೈಲು ಎಂಜಿನ್‌ಗಳಲ್ಲಿ ಇದು ಅತ್ಯಂತ ಹಳೆಯದು. ಸ್ಟೀಫನ್‌ಸನ್ ಹುಟ್ಟಿದ್ದೂ ವೈಲಮ್ ಊರಿನಲ್ಲೇ, 1781ರಲ್ಲಿ. ಸಾನ್ಸ್ ಪರೇಲ್ ಎಂಜಿನ್ನನ್ನು ಕಟ್ಟಿದ ತಿಮೊತಿ ಹ್ಯಾಕ್‌ವರ್ತ್ ಹುಟ್ಟಿದ್ದೂ ಅಲ್ಲೇ, 1786ರಲ್ಲಿ. ಒಂದೇ ಗಣಿ ಹಳ್ಳಿಯ ಇಬ್ಬರು ಮುಂದೆ ಎದುರಾಳಿಗಳಾದರು.

ಸೆಪ್ಟೆಂಬರಿನ ಆ ಮೆರವಣಿಗೆ

ಲೋಕೊಮೋಷನ್ ಎಂಜಿನ್ನನ್ನು ಕಟ್ಟಿದ್ದು ನ್ಯೂಕ್ಯಾಸಲ್ ನಗರದ ರಾಬರ್ಟ್ ಸ್ಟೀಫನ್‌ಸನ್ ಕಂಪೆನಿ. ರೈಲು ಎಂಜಿನ್ ತಯಾರಿಸಲೆಂದೇ 1823ರಲ್ಲಿ ತೆರೆದ ಕಾರ್ಖಾನೆ ಅದು. ರಾಬರ್ಟ್ ಎಂದರೆ ಜಾರ್ಜ್ ಸ್ಟೀಫನ್‌ಸನ್ನನ ಮಗ. ಎಂಜಿನ್ನಿಗೆ ಮೊದಲು ಇಟ್ಟಿದ್ದ ಹೆಸರು ‘ಆ್ಯಕ್ಟಿವ್’. ಆರೂವರೆ ಟನ್ ತೂಕದ ಈ ಯಂತ್ರದ ಎರಡು ಸಿಲಿಂಡರ್‌ಗಳು ಬಾಯ್ಲರಿನೊಳಗೆ ಲಂಬವಾಗಿ ಇಳಿಬಿಟ್ಟಿದ್ದವು. ಗಾಲಿಗಳನ್ನು ಸರಪಳಿ ಅಥವಾ ಹಲ್ಲುಚಕ್ರಗಳಿಂದ ಜೋಡಿಸುವ ಬದಲು ಹೊರಗಿನ ಕಬ್ಬಿಣದ ಸರಳುಗಳಿಂದ ಜೋಡಿಸಿದ್ದು ಇದರ ಹೊಸತನ.

ಆರಂಭದ ದಿನ ಕಲ್ಲಿದ್ದಲು ಮತ್ತು ಹಿಟ್ಟಿನ ಮೂಟೆ ತುಂಬಿದ ಗಾಡಿಗಳ ಮೇಲೆ ಜನ ಹತ್ತಿ ಕುಳಿತರು. ಸುಮಾರು ಮುನ್ನೂರು ಮಂದಿ ಬರಬಹುದೆಂದು ಕಂಪೆನಿ ಎಣಿಸಿತ್ತು, ಬಂದವರು ಅದಕ್ಕಿಂತ ಬಹಳ ಹೆಚ್ಚು. ಕೆಲವರು ಗಾಡಿಗಳ ಪಕ್ಕಕ್ಕೆ ಜೋತುಬಿದ್ದರು. ಮುಂದೆ ಬಾವುಟ ಹಿಡಿದ ಕುದುರೆ ಸವಾರ, ಹಿಂದೆ ಜಾರ್ಜ್ ಸ್ಟೀಫನ್‌ಸನ್ ನಡೆಸುತ್ತಿದ್ದ ಎಂಜಿನ್. ಇಳಿಜಾರಿನಲ್ಲಿ ಬಂಡಿಯ ವೇಗ ಕೆಲವೆಡೆ ಗಂಟೆಗೆ 12ರಿಂದ 15 ಮೈಲಿ ಮುಟ್ಟಿತೆನ್ನುತ್ತಾರೆ. ಸಾರ್ವಜನಿಕ ರೈಲುಮಾರ್ಗವೊಂದರಲ್ಲಿ ಉಗಿ ಎಂಜಿನ್ ಜನರನ್ನು ಎಳೆದದ್ದು ಅದೇ ಮೊದಲು.

ಆದರೆ ಉತ್ಸವ ಮುಗಿದ ಮರುದಿನದ ಕಥೆ ಬೇರೆ. ಉಗಿ ಎಂಜಿನ್‌ಗಳು ಕಲ್ಲಿದ್ದಲು ಎಳೆದವು. ಪ್ರಯಾಣಿಕರ ಗಾಡಿಗಳನ್ನು 1833ರವರೆಗೂ ಕುದುರೆಗಳೇ ಎಳೆಯುತ್ತಿದ್ದವು. ಎಂಜಿನ್‌ಗಳು ಆಗಾಗ ಕೆಡುತ್ತಿದ್ದವು, ಗಾಲಿಗಳು ಮುರಿಯುತ್ತಿದ್ದವು. ಉಗಿಯನ್ನು ಕೈಬಿಟ್ಟು ಕುದುರೆಗಳಿಗೇ ಮರಳಬೇಕೆಂಬ ಮಾತು ಆ ಕಂಪೆನಿಯಲ್ಲೂ ಕೇಳಿಬಂದಿತ್ತು. 1828ರ ಜುಲೈ 1ರಂದು ಲೋಕೊಮೋಷನ್ನಿನ ಬಾಯ್ಲರ್ ಸಿಡಿದು ಚಾಲಕ ಜಾನ್ ಕ್ರೀ ಸತ್ತ. ರೈಲಿನ ಇತಿಹಾಸ ಬರೆಯುವವರು 1825ರ ಮೆರವಣಿಗೆಯನ್ನು ಪುಟಗಟ್ಟಲೆ ವರ್ಣಿಸುತ್ತಾರೆ. ಜಾನ್ ಕ್ರೀಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು.

ಸಿಡಿದ ಎಂಜಿನ್ನನ್ನು ಎಸೆಯಲಿಲ್ಲ. ಆಗ ಆ ರೈಲ್ವೆಯ ಎಂಜಿನ್‌ಗಳ ಮೇಲ್ವಿಚಾರಕನಾಗಿದ್ದ ಹ್ಯಾಕ್‌ವರ್ತ್ ಅದನ್ನು ಮತ್ತೆ ಕಟ್ಟಿಸಿದ. ಬಾಯ್ಲರ್ ಬದಲಾಯಿತು, ಕಾಲಕ್ರಮದಲ್ಲಿ ಗಾಲಿಗಳೂ ಬದಲಾದವು. ಅಂದರೆ ಇಂದು ನಾವು ನೋಡುವ ಲೋಕೊಮೋಷನ್, 1825ರಲ್ಲಿ ಶಿಲ್ಡನ್ನಿನಿಂದ ಹೊರಟ ಎಂಜಿನ್ನಿನ ಹೆಸರನ್ನೂ ಒಂದಷ್ಟು ಅಂಗಗಳನ್ನೂ ಉಳಿಸಿಕೊಂಡಿರುವ, ಮುಂದಿನ ವರ್ಷಗಳ ದುಡಿಮೆಯಿಂದ ರೂಪುಗೊಂಡ ಯಂತ್ರ.

ಬಚ್ಚಲುಮನೆಯ ಬಾಯ್ಲರ್ ಮತ್ತು ರಾಕೆಟ್

ಈಗ ರೈನ್‌ಹಿಲ್ ಸ್ಪರ್ಧೆಗೆ ಬರೋಣ. ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಗರಗಳ ನಡುವೆ ಸುಮಾರು 31 ಮೈಲಿ ರೈಲುಮಾರ್ಗ ಸಿದ್ಧವಾಗುತ್ತಿತ್ತು. ಗಾಡಿಗಳನ್ನು ಎಳೆಯುವುದು ಹೇಗೆ? ದಾರಿಯುದ್ದಕ್ಕೂ ನೆಲೆನಿಂತ ಎಂಜಿನ್‌ಗಳನ್ನು ಕೂಡಿಸಿ ಹಗ್ಗದಿಂದ ಎಳೆಸುವುದೇ, ಅಥವಾ ಚಲಿಸುವ ಎಂಜಿನ್‌ಗಳನ್ನು ಬಳಸುವುದೇ? ನಿರ್ದೇಶಕರಲ್ಲಿ ಒಮ್ಮತವಿರಲಿಲ್ಲ. ಕೊನೆಗೆ ಉತ್ತಮ ಎಂಜಿನ್ನಿಗೆ 500 ಪೌಂಡ್ ಬಹುಮಾನ ಸಾರಿದರು. ನಾಲ್ಕು ಗಾಲಿಯ ಎಂಜಿನ್ ನಾಲ್ಕೂವರೆ ಟನ್ ಮೀರಬಾರದು, ತನ್ನ ಮೂರು ಪಟ್ಟು ಭಾರವನ್ನು ಗಂಟೆಗೆ 10 ಮೈಲಿ ವೇಗದಲ್ಲಿ ಎಳೆಯಬೇಕು, ಬೆಲೆ 550 ಪೌಂಡ್ ಮೀರಬಾರದು ಎಂಬುವು ಮುಖ್ಯ ಷರತ್ತುಗಳು.

1829ರ ಅಕ್ಟೋಬರ್ 6ರಂದು ಸಾವಿರಾರು ಜನರ ಮುಂದೆ ಪರೀಕ್ಷೆ ಆರಂಭವಾಯಿತು. ಐದು ಸ್ಪರ್ಧಿಗಳು. ಅವುಗಳಲ್ಲಿ ‘ಸೈಕ್ಲೊಪೆಡ್’ ಎಂಬುದಕ್ಕೆ ಉಗಿಯೇ ಇರಲಿಲ್ಲ, ಗಾಡಿಯೊಳಗೆ ಕುದುರೆ ನಡೆಯುತ್ತ ಚಕ್ರ ತಿರುಗಿಸುತ್ತಿತ್ತು. ‘ಪರ್ಸಿವಿಯರೆನ್ಸ್’ ವೇಗ ಸಾಲದೆ ಹಿಂದುಳಿಯಿತು. ಪ್ರೇಕ್ಷಕರ ಮನಗೆದ್ದ ‘ನಾವೆಲ್ಟಿ’ ಹಗುರ, ಚುರುಕು, ನೋಟಕ್ಕೆ ಚೆಂದ. ಆದರೆ ಅದರ ಕೊಳವೆಗಳು ಪದೇ ಪದೇ ಕೈಕೊಟ್ಟವು. ಉಳಿದದ್ದು ರಾಕೆಟ್ ಮತ್ತು ಸಾನ್ಸ್ ಪರೇಲ್.

ಇವೆರಡರ ವ್ಯತ್ಯಾಸ ತಿಳಿಯಲು ನಮ್ಮ ಮನೆಗಳ ಬಚ್ಚಲನ್ನು ನೆನೆದರೆ ಸಾಕು. ಗೀಸರ್‌ಗಳು ಬರುವ ಮೊದಲು ನಮ್ಮಲ್ಲಿ ತಾಮ್ರದ ಬಾಯ್ಲರ್ ಇರುತ್ತಿತ್ತು. ಸುತ್ತ ನೀರು, ನಡುವೆ ಒಂದು ದಪ್ಪ ಕೊಳವೆ. ಆ ಕೊಳವೆಯೊಳಗೆ ಸೌದೆ ಚೂರನ್ನೋ ತೆಂಗಿನ ಚಿಪ್ಪನ್ನೋ ಹಾಕಿ ಉರಿಸಿದರೆ ಕೊಳವೆಯ ಗೋಡೆ ಕಾದು ನೀರು ಬಿಸಿಯಾಗುತ್ತಿತ್ತು. ಲೋಕೊಮೋಷನ್ನಿನ ಬಾಯ್ಲರ್ ಇದನ್ನೇ ಅಡ್ಡ ಮಲಗಿಸಿದಂತೆ. ಒಂದೇ ಕೊಳವೆ, ಅದರ ಒಂದು ತುದಿಯಲ್ಲಿ ಬೆಂಕಿ, ಇನ್ನೊಂದು ತುದಿಯಲ್ಲಿ ಹೊಗೆಕೊಳವೆ. ತೊಂದರೆಯೆಂದರೆ ಬಿಸಿಗಾಳಿಯ ಬಹುಪಾಲು ನೀರಿಗೆ ಶಾಖ ಕೊಡದೆ ಹೊರಟುಹೋಗುತ್ತಿತ್ತು. ಹ್ಯಾಕ್‌ವರ್ತ್ ತನ್ನ ಎಂಜಿನ್ನಿನಲ್ಲಿ ಈ ಕೊಳವೆಯನ್ನು ಹೋದ ದಾರಿಯಲ್ಲೇ ಮರಳಿ ಬರುವಂತೆ ಬಾಗಿಸಿದ. ಇದರಿಂದ ನೀರಿಗೆ ತಾಗುವ ಬಿಸಿ ಮೈ ಹೆಚ್ಚಿತು.

ರಾಕೆಟ್ಟಿನ ದಾರಿ ಬೇರೆ. ಲಿವರ್‌ಪೂಲ್–ಮ್ಯಾಂಚೆಸ್ಟರ್ ಕಂಪೆನಿಯ ಅಧಿಕಾರಿ ಹೆನ್ರಿ ಬೂತ್ ನೀಡಿದ ಸಲಹೆಯಂತೆ, ಒಂದು ದಪ್ಪ ಕೊಳವೆಯ ಬದಲು ಮೂರು ಅಂಗುಲ ವ್ಯಾಸದ 25 ತಾಮ್ರದ ಕೊಳವೆಗಳನ್ನು ಬಾಯ್ಲರಿನುದ್ದಕ್ಕೂ ಹಾಯಿಸಿದರು. ಬೆಂಕಿಗೆ ಬೇರೆಯೇ ಪೆಟ್ಟಿಗೆ ಮಾಡಿದರು. ಬಿಸಿಗಾಳಿ 25 ಪಾಲಾಗಿ ಹಂಚಿಹೋಗಿ ನೀರನ್ನು ಎಲ್ಲ ಕಡೆಯಿಂದ ಕಾಯಿಸಿತು. ಸಾನ್ಸ್ ಪರೇಲ್‌ನಲ್ಲಿ ಶಾಖ ಕೊಡುವ ಮೈ ಸುಮಾರು 90 ಚದರಡಿ ಇದ್ದರೆ ರಾಕೆಟ್ಟಿನಲ್ಲಿ ಸುಮಾರು 138 ಚದರಡಿ. ಫ್ರಾನ್ಸಿನ ಮಾರ್ಕ್ ಸೆಗಾಂ ಎಂಬ ಎಂಜಿನಿಯರ್ ಕೂಡ ಹೆಚ್ಚುಕಡಿಮೆ ಅದೇ ಕಾಲಕ್ಕೆ, ಇವರಿಂದ ಸ್ವತಂತ್ರವಾಗಿ, ಬಹುಕೊಳವೆಯ ಬಾಯ್ಲರನ್ನು ರೂಪಿಸಿದ್ದ ಎಂಬುದನ್ನೂ ಇಲ್ಲಿ ನೆನೆಯಬೇಕು.

ಇನ್ನೊಂದು ಉಪಾಯ ಎರಡೂ ಎಂಜಿನ್‌ಗಳಲ್ಲಿತ್ತು. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಹೊಗೆಕೊಳವೆಯೊಳಗೆ ಚಿಮ್ಮಿಸುವುದು. ಒಲೆಯ ಮುಂದೆ ಕುಳಿತು ಊದುಕೊಳವೆಯಿಂದ ಊದುವಾಗ ನಾವು ಗಾಳಿಯನ್ನು ಬೆಂಕಿಯತ್ತ ತಳ್ಳುತ್ತೇವೆ. ಇಲ್ಲಿ ಚಿಮ್ಮಿದ ಉಗಿ ಹೊಗೆಯನ್ನು ತನ್ನೊಡನೆ ಸೆಳೆದೊಯ್ಯುವುದರಿಂದ ಬೆಂಕಿಗೆ ಹೊಸ ಗಾಳಿ ತಾನಾಗಿ ನುಗ್ಗುತ್ತದೆ. ಎಂಜಿನ್ ಹೆಚ್ಚು ದುಡಿದಷ್ಟೂ ಬೆಂಕಿ ಹೆಚ್ಚು ಉರಿಯುತ್ತದೆ. ಹಳೆಯ ರೈಲಿನ ‘ಛುಕು ಛುಕು’ ಸದ್ದು ಹುಟ್ಟುವುದೇ ಇದರಿಂದ. ಹ್ಯಾಕ್‌ವರ್ತ್ ಈ ಚಿಮ್ಮುಗೆಯನ್ನು ತುಂಬ ಬಿರುಸಾಗಿ ಬಳಸಿದ. ಆತನ ಎಂಜಿನ್ ಉರಿಯುವ ಇಂಧನವನ್ನೇ ಹೊಗೆಕೊಳವೆಯಿಂದ ಹೊರಕ್ಕೆ ಎರಚುತ್ತಿತ್ತು. ರಾಕೆಟ್ಟಿಗಿಂತ ಸುಮಾರು ಮೂರು ಪಟ್ಟು ಇಂಧನ ಅದಕ್ಕೆ ಬೇಕಾಯಿತು.

ಸೋತವನ ಅಹವಾಲು

ರಾಕೆಟ್ ಎಲ್ಲ ಸುತ್ತುಗಳನ್ನೂ ಮುಗಿಸಿತು. ಭಾರ ಎಳೆಯುತ್ತ ಗಂಟೆಗೆ ಸರಾಸರಿ 12 ಮೈಲಿ, ಗರಿಷ್ಠ ಸುಮಾರು 30 ಮೈಲಿ ವೇಗ ಕಂಡಿತು. ಬಹುಮಾನ ಅದಕ್ಕೇ ಸಂದಿತು. ಸಾನ್ಸ್ ಪರೇಲ್ ನಿಗದಿಗಿಂತ ಭಾರವಾಗಿತ್ತು, ಆದರೂ ಓಡಲು ಬಿಟ್ಟರು. ಚೆನ್ನಾಗಿಯೇ ಓಡಿತು. ಎಂಟನೆಯ ಸುತ್ತಿನಲ್ಲಿ ನೀರಿನ ಪಂಪು ಕೆಟ್ಟು ಬಾಯ್ಲರಿನ ನೀರು ಇಳಿದು ಅದು ನಿಂತುಹೋಯಿತು. ಅದರ ಒಂದು ಸಿಲಿಂಡರಿನಲ್ಲಿ ಬಿರುಕೂ ಕಾಣಿಸಿತ್ತು. ಇನ್ನೊಂದು ಅವಕಾಶ ಕೊಡಿರೆಂಬ ಹ್ಯಾಕ್‌ವರ್ತನ ಕೋರಿಕೆಯನ್ನು ತೀರ್ಪುಗಾರರು ಒಪ್ಪಲಿಲ್ಲ.

ಇಲ್ಲಿ ಕೆಲವು ಸಂಗತಿಗಳನ್ನು ಓದುಗರು ಗಮನಿಸಬೇಕು. ಹ್ಯಾಕ್‌ವರ್ತ್ ಸಂಬಳಕ್ಕೆ ದುಡಿಯುತ್ತಿದ್ದ ನೌಕರ. ಸಾನ್ಸ್ ಪರೇಲನ್ನು ತನ್ನ ಬಿಡುವಿನ ವೇಳೆಯಲ್ಲಿ, ತನ್ನ ಸ್ವಂತ ಹಣದಿಂದ ಶಿಲ್ಡನ್ನಿನಲ್ಲಿ ಕಟ್ಟಿದ. ಸಿಲಿಂಡರ್‌ಗಳನ್ನು ಎರಕ ಹೊಯ್ಯುವ ಸೌಕರ್ಯ ಆತನಲ್ಲಿರಲಿಲ್ಲ. ಅವನ್ನು ಮಾಡಿಸಿಕೊಂಡದ್ದು ಪ್ರತಿಸ್ಪರ್ಧಿಯಾಗಿದ್ದ ರಾಬರ್ಟ್ ಸ್ಟೀಫನ್‌ಸನ್ ಕಂಪೆನಿಯಿಂದಲೇ. ಅತ್ತ ರಾಕೆಟ್ಟಿನ ಒಡೆಯರು ಯಾರು? ಆ ರೈಲುಮಾರ್ಗದ ಮುಖ್ಯ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್, ಆತನ ಮಗ ರಾಬರ್ಟ್ ಮತ್ತು ಅದೇ ಕಂಪೆನಿಯ ಅಧಿಕಾರಿ ಬೂತ್. ಹ್ಯಾಕ್‌ವರ್ತನ ಅಭಿಮಾನಿಗಳು ಇದರಲ್ಲಿ ಮೋಸ ಕಂಡರು. ಆ ಜಗಳ ಎರಡು ಶತಮಾನಗಳ ಕಾಲ ಪುಸ್ತಕ, ಲೇಖನಗಳಲ್ಲಿ ನಡೆದುಬಂದಿದೆ. ಬೇಕೆಂದೇ ಕೆಟ್ಟ ಸಿಲಿಂಡರ್ ಕೊಟ್ಟರೆಂಬ ಆರೋಪಕ್ಕೆ ಪುರಾವೆಯಿಲ್ಲ. ಹೊಸದಾಗಿ ಎರಕ ಹೊಯ್ದ ಭಾಗ ಬಿರಿಯುವುದು ಅಂದಿನ ದಿನಗಳಲ್ಲಿ ಅಪರೂಪವೂ ಆಗಿರಲಿಲ್ಲ. ಸಿಲಿಂಡರ್ ಬಿರಿಯದಿದ್ದರೂ ಇಂಧನದ ಲೆಕ್ಕದಲ್ಲಿ ರಾಕೆಟ್ಟೇ ಮೇಲು. ಆದರೂ ಸ್ಪರ್ಧೆ ಎಲ್ಲರಿಗೂ ಸಮನಾದ ನೆಲದ ಮೇಲೆ ನಡೆಯಿತೆಂದು ಹೇಳಲಾಗದು.

ಗೆಲುವಿನ ನಂತರ

1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗ ಉದ್ಘಾಟನೆಯಾಯಿತು. ಪಾರ್ಕ್‌ಸೈಡ್ ಎಂಬಲ್ಲಿ ನೀರಿಗಾಗಿ ನಿಂತಾಗ ಲಿವರ್‌ಪೂಲಿನ ಸಂಸತ್ ಸದಸ್ಯ ವಿಲಿಯಂ ಹಸ್ಕಿಸನ್ ಹಳಿಗಿಳಿದು, ಪ್ರಧಾನಿ ವೆಲಿಂಗ್ಟನ್ ಡ್ಯೂಕನನ್ನು ಮಾತನಾಡಿಸಲು ಹೋದ. ಪಕ್ಕದ ಹಳಿಯಲ್ಲಿ ಬಂದ ರಾಕೆಟ್ ಆತನ ಕಾಲಿನ ಮೇಲೆ ಹರಿಯಿತು. ಅಂದೇ ಸಂಜೆ ಹಸ್ಕಿಸನ್ ತೀರಿಕೊಂಡ. ಗೆದ್ದು ಒಂದು ವರ್ಷವೂ ತುಂಬದ ಎಂಜಿನ್ನಿನ ಹೆಸರು ಹೀಗೆ ದುರಂತದೊಡನೆಯೂ ಸೇರಿಕೊಂಡಿತು.

ಅದೇ ಹೊತ್ತಿಗೆ ರಾಕೆಟ್ ಹಳತೂ ಆಗತೊಡಗಿತ್ತು. ಓರೆ ಸಿಲಿಂಡರ್‌ಗಳು ವೇಗದಲ್ಲಿ ಎಂಜಿನ್ನನ್ನು ಅತ್ತಿತ್ತ ತೂಗಾಡಿಸುತ್ತಿದ್ದವು. ಸ್ಟೀಫನ್‌ಸನ್ ಕಂಪೆನಿಯೇ ಕಟ್ಟಿದ ‘ನಾರ್ತಂಬ್ರಿಯನ್’, ‘ಪ್ಲ್ಯಾನೆಟ್’ ಎಂಬ ಹೊಸ ಎಂಜಿನ್‌ಗಳಲ್ಲಿ ಈ ದೋಷ ತಿದ್ದಿದ್ದರು. ಹೀಗಾಗಿ ಮೊದಲ ಒಂದೂವರೆ ವರ್ಷದೊಳಗೇ ರಾಕೆಟ್ಟಿನ ಸಿಲಿಂಡರ್‌ಗಳನ್ನು ಕೆಳಗಿಳಿಸಿ ಬಹುತೇಕ ಅಡ್ಡವಾಗಿ ಕೂರಿಸಿದರು, ಮುಂಭಾಗಕ್ಕೆ ಹೊಗೆಪೆಟ್ಟಿಗೆ ಸೇರಿಸಿದರು. ಪಠ್ಯಪುಸ್ತಕದ ಚಿತ್ರಕ್ಕೂ ಸಂಗ್ರಹಾಲಯದ ವಸ್ತುವಿಗೂ ಹೊಂದಿಕೆಯಾಗದಿರಲು ಇದೇ ಕಾರಣ. ಯಾವುದನ್ನು ನಾವು ಶಾಶ್ವತ ರೂಪವೆಂದು ತಿಳಿದಿದ್ದೇವೋ ಅದು ಬಾಳಿದ್ದು ಕೆಲವೇ ತಿಂಗಳು.

ಮುಂದಿನದು ಇಳಿಜಾರಿನ ಕಥೆ. 1834ರಲ್ಲಿ ಇನ್ನೊಬ್ಬರ ಹೊಸ ಬಗೆಯ ಎಂಜಿನ್ನಿನ ಪ್ರಯೋಗಕ್ಕೆ ರಾಕೆಟ್ಟನ್ನು ಬಳಸಿದರು. ಪ್ರಯೋಗ ಫಲಿಸಲಿಲ್ಲ. 1836ರಲ್ಲಿ ಅದನ್ನು 300 ಪೌಂಡಿಗೆ ಗಣಿ ರೈಲ್ವೆಯೊಂದಕ್ಕೆ ಮಾರಿದರು. ಅಲ್ಲಿ ಕಲ್ಲಿದ್ದಲು ಎಳೆದು, 1840ರ ಹೊತ್ತಿಗೆ ಕೆಲಸದಿಂದ ನಿಂತು ಮೂಲೆ ಸೇರಿತು. ಹಲವು ಭಾಗಗಳು ಕಳೆದುಹೋಗಿದ್ದ ಆ ದೇಹವನ್ನು 1862ರಲ್ಲಿ ಲಂಡನ್ನಿನ ಪೇಟೆಂಟ್ ಕಚೇರಿಯ ಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು.

ಉಳಿದದ್ದು ಹೇಗೆ?

ಸೋತ ಸಾನ್ಸ್ ಪರೇಲ್‌ನ ಬಾಳು ಇದಕ್ಕಿಂತ ಕೆಟ್ಟದಾಗಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಬಹುಮಾನ ತಪ್ಪಿದರೂ ಲಿವರ್‌ಪೂಲ್–ಮ್ಯಾಂಚೆಸ್ಟರ್ ಕಂಪೆನಿ ಅದನ್ನು ಕೊಂಡುಕೊಂಡಿತು. ಬೋಲ್ಟನ್–ಲೀ ರೈಲುಮಾರ್ಗದಲ್ಲಿ ಅದು 1844ರವರೆಗೆ ಓಡಿತು, ಅಂದರೆ ರಾಕೆಟ್ ನಿಂತ ಮೇಲೂ ಸುಮಾರು ನಾಲ್ಕು ವರ್ಷ. ಆಮೇಲೆ ಕಾಪಲ್ ಎಂಬ ಕಲ್ಲಿದ್ದಲು ಗಣಿಯಲ್ಲಿ ಒಂದೆಡೆ ನೆಲೆನಿಂತು 1863ರವರೆಗೆ ಪಂಪು ನಡೆಸುವ ಕೆಲಸ ಮಾಡಿತು. 1864ರಲ್ಲಿ ಅದೂ ಅದೇ ಲಂಡನ್ ಸಂಗ್ರಹಾಲಯ ಸೇರಿತು. ಲೋಕೊಮೋಷನ್ನಿನದೂ ಇಂಥದೇ ಹಾದಿ. ಹಳಿಯ ಕೆಲಸ ಮುಗಿದ ಮೇಲೆ ಗಣಿಯೊಂದರಲ್ಲಿ ಪಂಪು ನಡೆಸಿ, 1857ರಲ್ಲಿ ಡಾರ್ಲಿಂಗ್ಟನ್ ನಿಲ್ದಾಣದ ಹೊರಗೆ ಪೀಠದ ಮೇಲೆ ನಿಂತಿತು.

ಈ ಮೂರರ ಚರಿತ್ರೆಯನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಇವನ್ನು ಮೊದಲಿಗೆ ಉಳಿಸಿದ್ದು ಗೌರವವಲ್ಲ, ಉಪಯೋಗ. ಗುಜರಿಗೆ ಹಾಕುವ ಬದಲು ಇನ್ನೂ ನಾಲ್ಕು ದಿನ ದುಡಿಸೋಣ ಎಂದು ಯಾರೋ ಗಣಿಯೊಡೆಯ ಎಣಿಸಿದ್ದರಿಂದ ಎರಡು ಉಳಿದವು. ಮೂಲೆಯಲ್ಲಿ ಬಿದ್ದದ್ದನ್ನು ಯಾರೂ ಕರಗಿಸದೆ ಬಿಟ್ಟದ್ದರಿಂದ ಒಂದು ಉಳಿಯಿತು. ಗೌರವ ಬಂದದ್ದು ಆಮೇಲೆ. ಹ್ಯಾಕ್‌ವರ್ತ್ 1827ರಲ್ಲಿ ಕಟ್ಟಿದ ‘ರಾಯಲ್ ಜಾರ್ಜ್’ ಆರು ಗಾಲಿಯ ಬಲಶಾಲಿ ಎಂಜಿನ್. ಶಿಲ್ಡನ್ನಿನಲ್ಲಿ ಉಗಿಯ ಮೇಲಿನ ನಂಬಿಕೆಯನ್ನು ಉಳಿಸಿದ್ದು ಅದೇ ಎಂದು ಹಲವು ಇತಿಹಾಸಕಾರರ ಮತ. ಆದರೆ ಅದು ಉಳಿಯಲಿಲ್ಲ. ಉಳಿದಿದ್ದರೆ ಹ್ಯಾಕ್‌ವರ್ತನ ಹೆಸರು ಇಂದು ಇನ್ನಷ್ಟು ಜನರಿಗೆ ತಿಳಿದಿರುತ್ತಿತ್ತು. ಯಾವ ವಸ್ತು ಉಳಿಯುತ್ತದೋ ಅದರ ಕಡೆಗೇ ಇತಿಹಾಸ ವಾಲುತ್ತದೆ.

ಭಾರತದಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ನಮ್ಮ ಮೊದಲ ಪ್ರಯಾಣಿಕ ರೈಲನ್ನು ಎಳೆದದ್ದು ‘ಸಾಹಿಬ್’, ‘ಸಿಂಧ್’, ‘ಸುಲ್ತಾನ್’ ಎಂಬ ಮೂರು ಎಂಜಿನ್‌ಗಳು. ಇಂಗ್ಲೆಂಡಿನ ವಲ್ಕನ್ ಫೌಂಡ್ರಿಯಲ್ಲಿ ತಯಾರಾದವು. ಆ ಕಾರ್ಖಾನೆಯ ಮೊದಲ ವರ್ಷಗಳಲ್ಲಿ ರಾಬರ್ಟ್ ಸ್ಟೀಫನ್‌ಸನ್ನನೂ ಪಾಲುದಾರನಾಗಿದ್ದ. ಆ ಮೂರರಲ್ಲಿ ಒಂದನ್ನೂ ಇಂದು ಯಾವ ಸಂಗ್ರಹಾಲಯದಲ್ಲೂ ಕಾಣಲಾರೆವು. ಎರಡು ವರ್ಷ ತಡವಾಗಿ, 1855ರಲ್ಲಿ, ಲೀಡ್ಸ್ ನಗರದಲ್ಲಿ ತಯಾರಾಗಿ ಬಂಗಾಳಕ್ಕೆ ಬಂದ ‘ಫೇರಿ ಕ್ವೀನ್’ ಮಾತ್ರ ಉಳಿಯಿತು. ಆದ್ದರಿಂದಲೇ ಹಳೆಯ ಎಂಜಿನ್ ಎಂದರೆ ನಮಗೆ ಅದರ ಹೆಸರೇ ನೆನಪಾಗುತ್ತದೆ.

ಕಬ್ಬಿಣವನ್ನು ಓದುವುದು

ಸವೆದ, ತಿದ್ದಿದ ಯಂತ್ರವನ್ನು ಮತ್ತೆ ಹೊಸದರಂತೆ ಮಾಡಬೇಕೇ? ರಾಕೆಟ್ಟಿಗೆ ಹಳದಿ ಬಳಿದು ಸಿಲಿಂಡರ್‌ಗಳನ್ನು ಮತ್ತೆ ಓರೆಗೊಳಿಸಿದರೆ ನೋಡುವ ಮಕ್ಕಳಿಗೆ ಸಂತೋಷವಾದೀತು. ಆದರೆ ಹಾಗೆ ಮಾಡಿದರೆ ಅದರ ಮೈಮೇಲಿನ ಗುರುತುಗಳೆಲ್ಲ ಅಳಿಸಿಹೋಗುತ್ತವೆ. 1999ರಲ್ಲಿ ಮೈಕೆಲ್ ಬೇಯ್ಲಿ ಮತ್ತು ಜಾನ್ ಗ್ಲಿಥೆರೊ ಎಂಬ ತಜ್ಞರು ರಾಕೆಟ್ಟನ್ನು ಬಿಚ್ಚಿ, ಉತ್ಖನನಕಾರರು ನೆಲವನ್ನು ಪದರ ಪದರವಾಗಿ ನೋಡುವಂತೆ, ಅದರ ಒಂದೊಂದು ಭಾಗವನ್ನೂ ಪರಿಶೀಲಿಸಿದರು. ತುಂಬಿದ ರಂಧ್ರ, ಹಾಕಿದ ತೇಪೆ, ಸರಿಸಿದ ಕೀಲು, ಇವುಗಳಿಂದ ಯಾವ ಬದಲಾವಣೆ ಯಾವುದರ ನಂತರ ಆಯಿತೆಂದು ಗುರುತಿಸಿದರು. ಇಂಥದೇ ಪರಿಶೀಲನೆಯಿಂದ 2018ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. 1826ರದೆಂದು ಭಾವಿಸಿದ್ದ ‘ಕಿಲಿಂಗ್‌ವರ್ತ್ ಬಿಲ್ಲಿ’ ಎಂಬ ಸ್ಟೀಫನ್‌ಸನ್ ಎಂಜಿನ್ ಅದಕ್ಕಿಂತ ಹತ್ತು ವರ್ಷ ಹಳೆಯದು, 1816ರದು ಎಂದು ತಿಳಿದುಬಂತು. ಯಾರೋ ಅದನ್ನು ಹೊಸದಾಗಿ ಹೊಳೆಯಿಸಿದ್ದರೆ ಈ ಸಾಕ್ಷ್ಯ ಸಿಗುತ್ತಿರಲಿಲ್ಲ.

ಹಾಗೆಂದು ಓಡುವ ಎಂಜಿನ್ನನ್ನು ನೋಡುವ ಆಸೆಯೂ ತಪ್ಪಲ್ಲ. ಅದಕ್ಕೆ ಬ್ರಿಟನ್ನಿನಲ್ಲಿ ಕಂಡುಕೊಂಡ ಮಾರ್ಗ ಪ್ರತಿಕೃತಿ. ರೈನ್‌ಹಿಲ್‌ನ 150ನೆಯ ವರ್ಷದ ಸಂಭ್ರಮಕ್ಕಾಗಿ ರಾಕೆಟ್, ಸಾನ್ಸ್ ಪರೇಲ್, ನಾವೆಲ್ಟಿ ಮೂರಕ್ಕೂ ಪ್ರತಿಕೃತಿ ಮಾಡಿ 1980ರ ಮೆರವಣಿಗೆಯಲ್ಲಿ ಪ್ರದರ್ಶಿಸಿದರು. ಸಾನ್ಸ್ ಪರೇಲ್‌ನ ಪ್ರತಿಕೃತಿಯನ್ನು ಕಟ್ಟಿದ್ದು ಶಿಲ್ಡನ್ ಕಾರ್ಖಾನೆಯ ತರಬೇತಿ ಕೆಲಸಗಾರರು. ನಾಲ್ಕು ವರ್ಷಗಳಲ್ಲಿ ಆ ಕಾರ್ಖಾನೆಯೇ ಮುಚ್ಚಿತು. 2002ರಲ್ಲಿ ವೇಲ್ಸ್‌ನಲ್ಲಿ ಪ್ರತಿಕೃತಿಗಳನ್ನಿಟ್ಟುಕೊಂಡು ಸ್ಪರ್ಧೆಯನ್ನು ಮತ್ತೆ ನಡೆಸಿದಾಗಲೂ ಗೆದ್ದದ್ದು ರಾಕೆಟ್ಟೇ.

ನಮ್ಮಲ್ಲಿ ಫೇರಿ ಕ್ವೀನ್ ವಿಷಯದಲ್ಲಿ ಹಿಡಿದದ್ದು ಬೇರೆ ದಾರಿ. ಅಸಲಿ ಎಂಜಿನ್ನನ್ನೇ ದುರಸ್ತಿ ಮಾಡಿ 1997ರಲ್ಲಿ ಹಳಿಗಿಳಿಸಿದರು, ದೆಹಲಿ–ಆಲ್ವಾರ್ ನಡುವೆ ಪ್ರವಾಸಿ ರೈಲಾಗಿ ಓಡಿಸಿದರು. ಜನ ಅದನ್ನು ಕಂಡು ಹಿಗ್ಗಿದರು. ಆದರೆ ಓಡಿಸುವುದೆಂದರೆ ಸವೆದ ಭಾಗ ತೆಗೆದು ಹೊಸ ಭಾಗ ಹಾಕುವುದೇ. ಎಷ್ಟು ಭಾಗ ಬದಲಾದ ಮೇಲೂ ಅದು 1855ರ ಎಂಜಿನ್ನೇ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಏನನ್ನು ಬದಲಿಸಿದೆವೆಂದು ಬರೆದಿಡುವುದು ಮತ್ತು ತೆಗೆದ ಭಾಗವನ್ನು ಗುಜರಿಗೆ ಹಾಕದಿರುವುದು, ಇಷ್ಟನ್ನಾದರೂ ಪಾಲಿಸಲು ಸಾಧ್ಯ.

ಯಾರ ಎಂಜಿನ್?

ಉಳಿದ ಎಂಜಿನ್ನಿನ ಮೇಲೆ ಯಾರ ಹಕ್ಕು ಎಂಬುದು ಇನ್ನೊಂದು ಪ್ರಶ್ನೆ. ಲೋಕೊಮೋಷನ್ 1857ರಿಂದ ಡಾರ್ಲಿಂಗ್ಟನ್ನಿನಲ್ಲಿತ್ತು. ಆ ಊರಿನವರಿಗೆ ಅದು ಮನೆಯ ಹಿರಿಯನಂತೆ. 2020ರಲ್ಲಿ ರಾಷ್ಟ್ರೀಯ ಸಂಗ್ರಹಾಲಯ ಅದನ್ನು ಶಿಲ್ಡನ್ನಿಗೆ ಒಯ್ಯಲು ಹೊರಟಾಗ ಡಾರ್ಲಿಂಗ್ಟನ್ನಿನ ಪುರಸಭೆ ಬಲವಾಗಿ ವಿರೋಧಿಸಿತು. ಎಂಜಿನ್ ಜೋಡಿಸಿ ಮೊದಲ ಪಯಣ ಹೊರಟದ್ದು ಶಿಲ್ಡನ್ನಿನಿಂದ, ಆದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅದನ್ನು ಕಾಪಾಡಿದ್ದು ಡಾರ್ಲಿಂಗ್ಟನ್. ಎರಡೂ ವಾದದಲ್ಲಿ ಹುರುಳಿತ್ತು. ಕೊನೆಗೆ 2021ರಲ್ಲಿ, ಎಂಜಿನ್ ಶಿಲ್ಡನ್ನಿನಲ್ಲಿದ್ದು ನಿಗದಿತ ಅವಧಿಗೆ ಡಾರ್ಲಿಂಗ್ಟನ್ನಿಗೂ ಬರಬೇಕೆಂದು ಒಪ್ಪಂದವಾಯಿತು. ರಾಕೆಟ್ ಕೂಡ 2018ರಲ್ಲಿ ಲಂಡನ್ ಬಿಟ್ಟು ನ್ಯೂಕ್ಯಾಸಲ್, ಮ್ಯಾಂಚೆಸ್ಟರ್, ಯಾರ್ಕ್ ನಗರಗಳನ್ನು ಹಾದು 2023ರಲ್ಲಿ ಶಿಲ್ಡನ್ ಸೇರಿತು. ಹ್ಯಾಕ್‌ವರ್ತ್ 1850ರಲ್ಲಿ ಕಣ್ಣುಮುಚ್ಚಿದ ಊರಿಗೇ, ಆತನನ್ನು ಸೋಲಿಸಿದ ಎಂಜಿನ್ ಬಂದು ನೆಲಸಿದಂತಾಯಿತು.

ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲ್ವೆ ಸಂಗ್ರಹಾಲಯ ನಮ್ಮ ನಾಡಿನ ಹಲವರು ಕಂಡಿರುವ ಸ್ಥಳ. ರಜೆಯಲ್ಲಿ ಮಕ್ಕಳನ್ನು ಕರೆದೊಯ್ದು ಎಂಜಿನ್ನಿನ ಮುಂದೆ ನಿಲ್ಲಿಸಿ ಫೋಟೊ ತೆಗೆಸಿಕೊಂಡು ಬರುತ್ತೇವೆ. ಮುಂದಿನ ಸಲ ಅಲ್ಲಿಗೆ ಹೋದಾಗ ಹೆಸರಿನ ಫಲಕವನ್ನಷ್ಟೇ ಓದಿ ಮುಂದೆ ನಡೆಯುವ ಬದಲು, ಎಂಜಿನ್ನಿನ ಮೈಮೇಲಿನ ತೇಪೆ, ಸವೆದ ಮೆಟ್ಟಿಲು, ಬದಲಾದ ಮೊಳೆಗಳನ್ನೂ ಮಕ್ಕಳಿಗೆ ತೋರಿಸಬಹುದು. ಆ ಮೆಟ್ಟಿಲನ್ನು ಸವೆಸಿದ್ದು ಚಾಲಕನ ಮತ್ತು ಬೆಂಕಿಯಾಳಿನ ಕಾಲುಗಳು. ಜಾನ್ ಕ್ರೀಯಂತೆ ಅವರ ಹೆಸರು ಯಾವ ಫಲಕದ ಮೇಲೂ ಇರುವುದಿಲ್ಲ.